ಒಡೆಯದ ಕೆಂಪು ಬೊಟ್ಟು

ವನಜ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಹಚ್ಚಿದರೂ ನಿಲ್ಲುವ ಉಗುರು ಅವಳದ್ದಲ್ಲ. ಎಡಗೈಯ ಹೆಬ್ಬೆರಳು, ತೋರುಬೆರಳು ಎರಡೂ ಬೆಸುಗೆಯ ಬಿಸಿ ತಿಂದು ತಿಂದು ಒಣಮೀನಿನ ಬಾಲದ ಹಾಗಾಗಿವೆ. ಆದರೆ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಿಂದ ಹೊಳೆ ಕಡೆ ಇಳಿಯುವ ಓಣಿಯಲ್ಲಿರುವ ಅವಳ ರಿಪೇರಿ ಅಂಗಡಿಯಲ್ಲಿ, ಮೇಜಿನ ಮೇಲೆ ಕೆಂಪು ನೇಲ್ ಪಾಲಿಶ್ ಬಾಟಲಿ ಇಲ್ಲದ ದಿನವೇ ಇಲ್ಲ. ಬೋಟಿನ ವೈರ್‌ಲೆಸ್ ಸೆಟ್ಟು ಹಿಡಿದುಕೊಂಡು ಬಂದ ಗಂಡಸರು ಅದನ್ನು ನೋಡಿ ನಗುತ್ತಾರೆ. ಅವಳು ನಗುವುದಿಲ್ಲ.

ಬಾಟಲಿಯ ಕೆಲಸ ಇಷ್ಟೇ. ಅಲಾರಂ ಆಗಲಿ ತಕ್ಕಡಿಯಾಗಲಿ, ಬೋರ್ಡಿನ ಮೇಲೆ ಪ್ರೀಸೆಟ್ ಎಂಬ ಒಂದು ಪುಟ್ಟ ಭಾಗ ಇರುತ್ತದೆ. ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು, ತಲೆಯ ಮೇಲೆ ತಿರುಪಿನ ಸೀಳು. ಅಲಾರಂ ಎಷ್ಟಕ್ಕೆ ಬಡಿದುಕೊಳ್ಳಬೇಕು, ತಕ್ಕಡಿ ಎಲ್ಲಿ ಸೊನ್ನೆ ತೋರಿಸಬೇಕು ಎಂಬುದೆಲ್ಲ ಆ ಸೀಳನ್ನು ತಿರುಗಿಸಿ ನಿಲ್ಲಿಸಿದ ಜಾಗದಲ್ಲಿದೆ. ನಿಲ್ಲಿಸಿದ ಮೇಲೆ ಅದರ ಮೇಲೊಂದು ಕೆಂಪು ಬೊಟ್ಟು ಇಡಬೇಕು. ಬೊಟ್ಟು ಒಣಗಿದ ಮೇಲೆ ಯಾರಾದರೂ ಸೀಳಿಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೋ, ಅದು ಬಿರುಕು ಬಿಡುತ್ತದೆ. ಆಮೇಲೆ ‘ನಾನಲ್ಲ, ಅವನಲ್ಲ’ ಎಂದು ಪುರಾಣ ಹೇಳುವ ಹಾಗಿಲ್ಲ.

ಇದನ್ನು ಅವಳು ಕಲಿತದ್ದು ಮುಂಬಯಿಯಲ್ಲಿ. ಹದಿನೆಂಟು ತುಂಬುವ ಮೊದಲೇ ಊರಿನ ಖಾನಾವಳಿಯವರ ಜೊತೆ ಬಸ್ಸು ಹತ್ತಿ ಅಂಧೇರಿಯ ಒಂದು ಶೆಡ್ಡು ಸೇರಿದಳು. ನಲವತ್ತು ಹುಡುಗಿಯರು ಸಾಲಾಗಿ ಕೂತು, ಅಳತೆಯ ಮುಳ್ಳು ಗೆರೆಗೆ ಬರುವವರೆಗೆ ಪ್ರೀಸೆಟ್ ತಿರುಗಿಸಿ ಬೊಟ್ಟಿಡುವುದು, ಮುಂದಕ್ಕೆ ತಳ್ಳುವುದು. ದಿನಕ್ಕೆ ಆರುನೂರು ಬೋರ್ಡು. ಬೋರ್ಡು ತೊಳೆಯುವ ಕೋಣೆಯಲ್ಲಿ ಔಷಧದ ಆವಿ ತುಂಬಿದರೆ ಕೂಗುವ ಅಲಾರಂ ಒಂದಿತ್ತು. ಒಂದು ಮಧ್ಯಾಹ್ನ ಅಲ್ಲಿ ಮಂದಾ ಎಂಬ ಹುಡುಗಿ ನೆಲಕ್ಕೆ ಬಿದ್ದಳು, ಅಲಾರಂ ಕೂಗಲಿಲ್ಲ. ಮಂದಾ ಏಳಲೂ ಇಲ್ಲ. ವನಜ ಗೋಡೆಯ ಪೆಟ್ಟಿಗೆ ತೆಗೆದು ನೋಡಿದಳು. ಕೆಂಪು ಬೊಟ್ಟು ನಡುವೆ ಸೀಳಿತ್ತು. ಕೂಗಿ ಕೂಗಿ ಕೆಲಸ ಕೆಡಿಸುತ್ತದೆಂದು ಸೂಪರ್‌ವೈಸರು ಅದರ ಕಿವಿ ತಿರುಪಿದ್ದ. ಹುಡುಗಿಯರು ಏಳು ವಾರ ಗೇಟಿನ ಮುಂದೆ ಕೂತರು. ಎಂಟನೇ ವಾರ ಕಂಪನಿಯೇ ಊರು ಬಿಟ್ಟು ಹೋಯಿತು. ಗೆದ್ದವರು ಯಾರೂ ಇಲ್ಲ. ವನಜನಿಗೆ ಅಲ್ಲಿಂದ ದಕ್ಕಿದ್ದು ಒಂದೇ ಪಾಠ: ಮೊದಲು ಬೊಟ್ಟು ನೋಡು, ಬೊಟ್ಟು ಒಡೆದಿದ್ದರೆ ಅಲ್ಲಿ ಒಬ್ಬನ ಕೈ ಇದೆ.

ಮದುವೆಯೂ ಆಗಿತ್ತು. ಗಂಡ ಮುಂಬಯಿಯಲ್ಲೇ ಉಳಿದ, ಇವಳು ಊರಿಗೆ ಬಂದಳು. ಅದರ ಬಗ್ಗೆ ಅವಳು ಮಾತಾಡುವುದಿಲ್ಲ.

ಈಗ ಐವತ್ತೆರಡು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಐಸ್ ಪ್ಲಾಂಟಿನವರು, ಬೋಟಿನವರು ಎಲ್ಲರಿಗೂ ಅವಳು ‘ಬೋರ್ಡಿನ ವನಜಕ್ಕ’. ಹೆಂಗಸಿನ ಕೈಗೆ ಸೆಟ್ಟು ಕೊಡುವುದಾ ಎಂದು ಮೊದಲು ಹಿಂದೆ ಮುಂದೆ ನೋಡಿದವರೇ ಈಗ ಅವಳ ಕೆಂಪು ಬೊಟ್ಟಿಲ್ಲದ ಪೆಟ್ಟಿಗೆಯನ್ನು ಗೋಡೆಗೆ ಹಾಕುವುದಿಲ್ಲ.

ಹೊಳೆಯಾಚೆ, ಬೋಟು ನಿಲ್ಲುವ ದಕ್ಕೆಯ ಬದಿಯ ರತನ್‌ನ ಐಸ್ ಪ್ಲಾಂಟಿನ ಅಲಾರಂ ಅವಳದ್ದೇ ಉಸ್ತುವಾರಿ. ರತನ್‌ನ ಅಪ್ಪ ಸೈಕಲ್ಲಿನಲ್ಲಿ ಮೀನು ಮಾರಿದವನು. ಮಗ ಐಸಿನ ಧಣಿಯಾಗಿದ್ದಾನೆ. ಐಸು ಗಟ್ಟಿಯಾಗುವುದು ಪೈಪಿನೊಳಗೆ ಓಡುವ ಅಮೋನಿಯಾದಿಂದ. ಅದು ಪೈಪಿನೊಳಗಿರುವವರೆಗೆ ಆಳು, ಹೊರಗೆ ಬಂದರೆ ಯಮ. ಪ್ಲಾಂಟಿನ ಒಂದೇ ಗೋಡೆಯಾಚೆ ಚಟ್ಲಿ ಸುಲಿಯುವ ಶೆಡ್ಡು. ಇಪ್ಪತ್ತಾರು ಹೆಂಗಸರು ತಗ್ಗು ಮಣೆಯಲ್ಲಿ ಕೂತು ಸಿಗಡಿಯ ಸಿಪ್ಪೆ ತೆಗೆಯುತ್ತಾರೆ. ಅವರಲ್ಲಿ ಒಬ್ಬಳು ವನಜನ ಅಣ್ಣನ ಹೆಂಡತಿ ಪದ್ದು. ಅನಿಲ ಸೋರಿದರೆ ಆ ಇಪ್ಪತ್ತಾರು ಜನರಿಗೆ ಮೊದಲು ತಿಳಿಸಬೇಕಾದದ್ದು ಗೋಡೆಯ ಮೇಲಿನ ಅಲಾರಂ ಪೆಟ್ಟಿಗೆ.

ಮೂಗಿದೆಯಲ್ಲ ಎನ್ನಬಹುದು. ಐಸ್ ಪ್ಲಾಂಟಿನ ಪಕ್ಕ ವರ್ಷಗಟ್ಟಲೆ ಕೂತವರ ಮೂಗು ಧಣಿಯ ಪಕ್ಷ ಸೇರಿಬಿಟ್ಟಿರುತ್ತದೆ. ದಿನಾ ಸ್ವಲ್ಪ ಸ್ವಲ್ಪ ವಾಸನೆ ಕುಡಿದು, ಹೆಚ್ಚಾದಾಗ ಹೆಚ್ಚಾಯಿತೆಂದು ಹೇಳುವ ಬುದ್ಧಿಯೇ ಅದಕ್ಕೆ ಉಳಿಯುವುದಿಲ್ಲ.

ಕಡಲ ಬದಿಯ ಉಪ್ಪುಗಾಳಿಗೆ ಪ್ರೀಸೆಟ್ ತಾಳುವುದಿಲ್ಲ. ವರ್ಷಕ್ಕೆರಡು ಸಲ ಬದಲಾಯಿಸಿದರೂ ಒಳಗೆ ಹಸಿರು ಕಿಲುಬು. ಈ ಸಲದ ಮಳೆಗಾಲದಲ್ಲಿ ವನಜ ಅದನ್ನು ಕಿತ್ತೆಸೆದು ಡಿಜಿಟಲ್ ಪೊಟೆನ್ಶಿಯೋಮೀಟರ್ ಹಾಕಲು ನಿಶ್ಚಯಿಸಿದಳು. ಪೇಟೆಯವರ ಬಾಯಲ್ಲಿ ಡಿಜಿಪಾಟ್. ಎಂಟು ಕಾಲಿನ ಕರಿ ಚಿಪ್ಪು, ಹೆಸರುಕಾಳಿನಷ್ಟು ಏಡಿಮರಿಯ ಹಾಗೆ. ಒಳಗೆ ಇನ್ನೂರೈವತ್ತಾರು ಮೆಟ್ಟಿಲು. ಒಂದು ಗುಂಡಿ ಒತ್ತಿದರೆ ಒಂದು ಮೆಟ್ಟಿಲು ಮೇಲೆ, ಇನ್ನೊಂದು ಒತ್ತಿದರೆ ಒಂದು ಕೆಳಗೆ. ಮೇಲೇರಿದಷ್ಟೂ ಅಲಾರಮ್ಮಿನ ಕಿವಿ ಮಂದ. ತಿರುಗುವ ಸೀಳಿಲ್ಲ, ಉಪ್ಪು ಹೊಗಲು ದಾರಿಯಿಲ್ಲ. ಮುಂಬಯಿಯ ಪಾರ್ಟ್ಸ್ ಅಂಗಡಿಯಿಂದ ಹತ್ತು ಚಿಪ್ಪಿನ ಒಂದು ಪಟ್ಟಿ ಕೊರಿಯರಿನಲ್ಲಿ ಬಂತು. ಎರಡು ಬಗೆಯಿತ್ತು, ಅವಳು ಅಗ್ಗದ್ದನ್ನು ತರಿಸಿದ್ದಳು. ವ್ಯತ್ಯಾಸವೇನೆಂದು ಕೇಳಿರಲಿಲ್ಲ. ಮೂವತ್ತು ವರ್ಷ ತಿರುಪು ತಿರುಗಿಸಿದವಳಿಗೆ, ನಿಲ್ಲಿಸಿದ್ದು ನಿಂತಲ್ಲೇ ಇರುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆಯಾಗಿ ಹೊಳೆಯಲೇ ಇಲ್ಲ.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದ ಮೊದಲ ವಾರ ಅವಳು ಪೆಟ್ಟಿಗೆ ಕೂರಿಸಲು ಹೋದಳು. ಅಳತೆಯ ಅನಿಲ ತುಂಬಿದ ಕೈಯಗಲದ ಡಬ್ಬಿಯನ್ನು ಪೆಟ್ಟಿಗೆಯ ವಾಸನೆ ಹಿಡಿಯುವ ಮೂತಿಗೆ ಹಿಡಿದು, ಗುಂಡಿ ಒತ್ತಿ ಒತ್ತಿ, ನಲವತ್ತನೇ ಮೆಟ್ಟಿಲಲ್ಲಿ ನಿಲ್ಲಿಸಿದಳು. ಗಂಟೆ ಕೂಗಿತು. ಹಿಂದೆ ನಿಂತಿದ್ದ ರತನ್ ಕಿವಿ ಮುಚ್ಚಿಕೊಂಡ.

“ವನಜಕ್ಕ, ಇದ್ರ್ ಕಿವಿ ಸ್ವಲ್ಪ ಮಂದ ಮಾಡಿ ಕೊಡಿ. ವಾಲ್ವ್ ಮುಟ್ರೆ ಸಾಕ್, ಬಡ್ಕಂತ್. ಹೆಂಗ್ಸ್ರೆಲ್ಲ ಚಟ್ಲಿ ಬಿಟ್ ರಸ್ತಿಗ್ ಓಡ್ತ್ರ್. ಅರ್ಧ ಗಂಟೆ ಕೆಲ್ಸ ಹಾಳ್.”

“ಕೆಲ್ಸ ಹಾಳಾಯ್ಲಿ. ಹೆಂಗ್ಸ್ರ್ ಹಾಳಾಪುದ್ ಬೇಡ.”

“ನಿಮ್ ಬಾಂಬೆ ಯೂನಿಯನ್ ಭಾಷಣ ಇಲ್ಲ್ ಬೇಡ ಮಾರಾಯ್ರೆ.”

“ಭಾಷಣ ಅಲ್ಲ, ನಂಬ್ರ್ ಹೇಳ್ದೆ. ನಲ್ವತ್ತ್. ಅದ್ರ್ ಮೇಲೆ ಒಂದ್ ಮೆಟ್ಲೂ ಏರ್ಸುದಿಲ್ಲೆ. ನೀನ್ ಕೈ ಹಾಕ್ರೆ ನಂಗ್ ಗೊತ್ತಾತ್ತ್.”

ಸೀಳಿಲ್ಲದ ಚಿಪ್ಪಿಗೆ ಬೊಟ್ಟಿಡುವುದೆಲ್ಲಿ? ಅವಳು ಪೆಟ್ಟಿಗೆಯ ಮುಚ್ಚಳದ ನಾಲ್ಕು ತಿರುಪುಗಳ ಮೇಲೂ ಒಂದೊಂದು ಕೆಂಪು ಬೊಟ್ಟಿಟ್ಟಳು. ಇನ್ನು ಮುಚ್ಚಳ ತೆಗೆಯದೆ ಗುಂಡಿ ಒತ್ತಲಾಗದು, ಬೊಟ್ಟೊಡೆಯದೆ ಮುಚ್ಚಳ ತೆಗೆಯಲಾಗದು. ನೆಮ್ಮದಿಯಿಂದ ದೋಣಿ ಹತ್ತಿ ಬಂದಳು. ಆ ಸಂಜೆ ಗಾಳಿ ಬೀಸಿ ಊರಿಡೀ ಕರೆಂಟು ಹೋಯಿತು, ಪ್ಲಾಂಟಿನ ಜನರೇಟರು ಗುಡುಗಿತು. ಮಳೆಗಾಲದಲ್ಲಿ ಇದನ್ನು ಯಾರು ಸುದ್ದಿ ಎನ್ನುತ್ತಾರೆ?

ಹನ್ನೊಂದು ದಿನ ಕಳೆಯಿತು. ಸಂತೆಗೆಂದು ಕುಂದಾಪುರಕ್ಕೆ ಬಂದ ಪದ್ದು ಅಂಗಡಿಯ ಮೆಟ್ಟಿಲಲ್ಲಿ ಛತ್ರಿ ಕೊಡವಿದಳು.

“ಹ್ವಾಯ್ ವನಜಾ, ನಿನ್ ಗಂಟಿ ಸತ್ತೋಯ್ತಾ ಹ್ಯಾಂಗೆ? ನೀನ್ ಬಂದ್ ಹೋದ್ ಮೇಲೆ ಒಂದ್ ಸಲವೂ ಕೂಗ್ಲಿಲ್ಲೆ. ಹಿಂದೆ ಅದ್ ಕೂಗ್ರೆ ರಸ್ತಿ ಬದಿ ನಿಂತ್ ಎಲೆ-ಅಡ್ಕಿ ಹಾಕುಕಾರೂ ಪುರ್ಸೊತ್ತ್ ಸಿಕ್ತಿತ್ತ್. ಈಗ ಅದಕ್ಕೂ ಕಲ್ಲ್ ಹಾಕ್ದೆ.” ಹೇಳುತ್ತ ಹೇಳುತ್ತ ಕೆಮ್ಮಿದಳು. ಬಗ್ಗಿ, ಗೋಡೆ ಹಿಡಿದು ಕೆಮ್ಮಿದಳು.

“ಎಂತ ಕೆಮ್ಮ್ ಅದ್, ಪದ್ದತ್ತಿಗೆ?”

“ಮಳಿಗಾಲ್ದ್ ಕೆಮ್ಮ್. ಶೆಡ್ಡಲ್ಲಿ ಎಲ್ಲರಿಗೂ ಇತ್ತ್. ನನ್ ಪಕ್ಕದ್ ಮಣೆ ನವ್ಯಶ್ರೀ ಕಣ್ಣಂತೂ ಕೆಂಪಾಯ್, ಗಂಡನ್ ಮನಿಗ್ ಹೋಪ್ ಮದ್ಮಗಳ್ ಕಂಡಂಗ್ ಕಾಂತ್.”

ವನಜ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಹನ್ನೊಂದು ದಿನದಲ್ಲಿ ಒಂದು ಸಲವೂ ವಾಲ್ವು ಮುಟ್ಟದ ಐಸ್ ಪ್ಲಾಂಟಿಲ್ಲ. ಅವಳ ತಲೆಯಲ್ಲಿ ಓಡಿದ್ದು ಒಂದೇ ಮಾತು: ರತನ್ ಕೈ ಹಾಕಿದ. ಅಂಧೇರಿಯ ಗೋಡೆ, ನಡುವೆ ಸೀಳಿದ ಬೊಟ್ಟು ಕಣ್ಣಿಗೆ ಬಂದವು. ಡಬ್ಬಿ, ಮೀಟರು ಚೀಲಕ್ಕೆ ಹಾಕಿಕೊಂಡು ಪದ್ದುವಿನ ಜೊತೆಗೇ ಹೊಳೆ ದಾಟಿದಳು.

ಶೆಡ್ಡಿನ ಬಾಗಿಲಲ್ಲಿ ಅವಳ ಕಾಲು ನಿಂತಿತು. ಏನೋ ಒಂದು ಕಡಿಮೆಯಿತ್ತು. ಹೆಂಗಸರು ಕೂತಿದ್ದರು, ಬುಟ್ಟಿಗಳಿದ್ದವು, ಸಿಪ್ಪೆಯ ರಾಶಿಯಿತ್ತು, ಸೆರಗಿನಲ್ಲಿ ಕಣ್ಣೊರೆಸುವ ಕೈಗಳಿದ್ದವು. ಕೆಮ್ಮು ಒಂದು ಮೂಲೆಯಲ್ಲಿ ಹುಟ್ಟಿ ಇನ್ನೊಂದು ಮೂಲೆಯಲ್ಲಿ ಮುಗಿಯುತ್ತಿತ್ತು.

“ಪದ್ದತ್ತಿಗೆ, ಬೆಕ್ಕೆಲ್ಲ ಎಲ್ಲ್ ಹೋಯ್ತ್?”

ಸಿಪ್ಪೆಯ ರಾಶಿಯ ಸುತ್ತ ಯಾವತ್ತೂ ಹತ್ತು ಹನ್ನೆರಡು ಬೆಕ್ಕುಗಳು ಜಗಳವಾಡುತ್ತ ಇರುತ್ತಿದ್ದವು. ಒದ್ದರೂ ಹೋಗುವ ಜಾತಿಯಲ್ಲ. ಪದ್ದು ಸುತ್ತ ನೋಡಿದಳು.

“ಅದೆಲ್ಲ ಈಗ ಆಚಿ ದಕ್ಕೆ ಬದಿ ಸೇರಿತ್ತ್. ವಾರ ಆಯ್ತ್, ಇಲ್ಲ್ ಬಪ್ಪುದೇ ಇಲ್ಲೆ. ನಮ್ ಚಟ್ಲಿ ಅವಕ್ಕೆ ರುಚಿ ಇಲ್ಲೆ ಕಾಂತ್, ಸಾವ್ಕಾರ್ ಬೆಕ್ಕ್!” ಇಬ್ಬರು ಮೂವರು ನಕ್ಕರು, ನಗು ಕೆಮ್ಮಿಗೆ ತಿರುಗಿತು.

ವನಜ ನಗದೆ ಗೋಡೆಯಾಚೆ ಹೋದಳು. ಪೆಟ್ಟಿಗೆಯ ಎದುರು ನಿಂತು ಟಾರ್ಚು ಹಿಡಿದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಬೊಟ್ಟುಗಳೂ ತಾನಿಟ್ಟ ದಿನದ ಹಾಗೆಯೇ ಹೊಳೆಯುತ್ತಿದ್ದವು. ಕೂದಲೆಳೆಯ ಬಿರುಕಿಲ್ಲ.

“ದೇವ್ರಾಣೆ ನಾನ್ ಮುಟ್ಲಿಲ್ಲೆ,” ಎಂದ ರತನ್, ಕೇಳುವ ಮೊದಲೇ. “ನಿಮ್ ಕುಂಕುಮ ಹಾಂಗೇ ಇತ್ತ್ ಕಾಣಿ.”

ಅವಳು ಡಬ್ಬಿ ಎತ್ತಿ ಅಲಾರಮ್ಮಿನ ಮೂತಿಗೆ ಹಿಡಿದಳು. ಹತ್ತೆಣಿಸಿದಳು. ಇಪ್ಪತ್ತೆಣಿಸಿದಳು. ಪೆಟ್ಟಿಗೆ ಸತ್ತ ಮೀನಿನ ಹಾಗೆ ಅವಳನ್ನೇ ನೋಡುತ್ತಿತ್ತು.

ತಾನಿಟ್ಟ ಬೊಟ್ಟುಗಳನ್ನು ತಾನೇ ಒಡೆದು ಮುಚ್ಚಳ ತೆಗೆದಳು. ಚಿಪ್ಪಿನ ನಡುಕಾಲಿಗೆ ಮೀಟರಿನ ಮುಳ್ಳು ಮುಟ್ಟಿಸಿದಳು. ನಲವತ್ತನೇ ಮೆಟ್ಟಿಲಲ್ಲಿ ಮುಕ್ಕಾಲು ವೋಲ್ಟಿಗಿಂತ ಚೂರು ಮೇಲೆ ತೋರಿಸಬೇಕಿತ್ತು. ತೋರಿಸಿದ್ದು ಎರಡೂವರೆ. ಐದರಲ್ಲಿ ಸರಿ ಅರ್ಧ. ಅಂದರೆ ನೂರ ಇಪ್ಪತ್ತೆಂಟನೇ ಮೆಟ್ಟಿಲು. ಗಾಳಿ ಮೂರು ಪಟ್ಟು ಕೆಡುವವರೆಗೆ ಈ ಗಂಟೆ ಬಾಯಿ ಬಿಡುವುದಿಲ್ಲ.

ಮನುಷ್ಯನ ಕೈ ಇಷ್ಟು ಸರಿ ಅರ್ಧಕ್ಕೆ ನಿಲ್ಲುವುದಿಲ್ಲ. ಕಳ್ಳ ತಿರುಪಿದರೆ ಅಂದಾಜಿಗೆ ತಿರುಪುತ್ತಾನೆ. ನೂರಿಪ್ಪತ್ತೋ ನೂರೈವತ್ತೋ ಆಗುತ್ತದೆ. ಇದು ಯಾರ ಕೈಯೂ ಅಲ್ಲ. ಮೂವತ್ತು ವರ್ಷ ಅವಳು ಹೊಂಚಿ ಕಾದದ್ದು ಮನುಷ್ಯರ ಕೈಗಾಗಿ.

ಅವಳು ಕೆಳಗಿನ ಗುಂಡಿ ಒತ್ತತೊಡಗಿದಳು, ಬಾಯಲ್ಲಿ ಎಣಿಸುತ್ತ. ನೂರಿಪ್ಪತ್ತು. ನೂರು. ಎಂಬತ್ತು. ಅನಿಲದ ಡಬ್ಬಿ ಆಗ ಚೀಲದೊಳಗಿತ್ತು. ಅರವತ್ತೊಂದನೇ ಮೆಟ್ಟಿಲಿಗೆ ಬಂದಾಗ ಗಂಟೆ ತಾನಾಗಿಯೇ ಕಿರುಚಿತು.

ಡಬ್ಬಿಯಿಲ್ಲದೆ, ವಾಲ್ವು ಮುಟ್ಟದೆ. ಅಂದರೆ ಅವರೆಲ್ಲ ನಿಂತಿದ್ದ ಗಾಳಿಯೇ ಅಷ್ಟಿತ್ತು.

ಗೋಡೆಯಾಚೆ ಮಣೆಗಳು ಸರಿದವು, ಹೆಂಗಸರು ಎದ್ದು ಓಡುವ ಸದ್ದು. ವನಜ ನಿಲ್ಲಿಸದೆ ಒತ್ತಿ ನಲವತ್ತಕ್ಕೆ ತಂದಳು. ಅದೇ ಹೊತ್ತಿಗೆ ಕರೆಂಟು ಹೋಯಿತು. ಗಂಟೆ ನಡುವಿನಲ್ಲೇ ಕತ್ತರಿಸಿದ ಹಾಗೆ ನಿಂತಿತು. ಆಪರೇಟರ್ ಸುಜಿತ್ ಜನರೇಟರಿಗೆ ಓಡಿದ. ದೀಪ ಬಂತು, ಕಂಪ್ರೆಸರು ಉಸಿರೆಳೆದುಕೊಂಡಿತು, ಪೆಟ್ಟಿಗೆಯ ಹಸಿರು ದೀಪವೂ ಹತ್ತಿತು. ಗಂಟೆ ಮಾತ್ರ ಕೂಗಲಿಲ್ಲ.

“ಟೆಸ್ಟಿಂಗ್, ಟೆಸ್ಟಿಂಗ್! ಒಳಗ್ ಬನ್ನಿ, ಎಂತ ಆಯ್ಲಿಲ್ಲೆ!” ರತನ್ ಹೊರಗೆ ಕೈಬೀಸುತ್ತಿದ್ದ. ಹೆಂಗಸರು ಗೊಣಗುತ್ತ ಮಣೆಗಳಿಗೆ ಮರಳಿದರು.

ವನಜ ಮತ್ತೆ ಮುಳ್ಳು ಮುಟ್ಟಿಸಿದಳು. ಎರಡೂವರೆ. ಸರಿ ಅರ್ಧ.

ಆಗ ಅರ್ಥವಾಯಿತು. ಈ ಚಿಪ್ಪಿಗೆ ನೆನಪಿಲ್ಲ. ಕರೆಂಟು ಹೋದಾಗ ತಾನೆಲ್ಲಿ ನಿಂತಿದ್ದೆನೆಂದು ಮರೆಯುತ್ತದೆ. ಬಂದಾಗ ಹುಟ್ಟಿದ ಜಾಗಕ್ಕೆ, ನಡುಮೆಟ್ಟಿಲಿಗೆ, ಹೋಗಿ ಕೂರುತ್ತದೆ. ಹಾಳಾದದ್ದಲ್ಲ, ಅದನ್ನು ಮಾಡಿದ್ದೇ ಹಾಗೆ. ನೆನಪಿರುವುದು ಇನ್ನೊಂದು ಬಗೆಯದು, ಅವಳು ಬಿಟ್ಟದ್ದು. ಕರೆಂಟು ಹೋಗಿ ಬರುವುದೇ ಕೆಲಸವಾದ ಈ ಕಡಲ ಬದಿಯಲ್ಲಿ ನೆನಪಿಲ್ಲದ್ದನ್ನು ಕಾವಲಿಗಿಟ್ಟು, ಅದರ ಬಾಗಿಲಿಗೆ ನಾಲ್ಕು ಬೊಟ್ಟಿಟ್ಟು, ತಾನು ಮನೆಗೆ ಹೋಗಿದ್ದಳು.

ಅವಳು ರತನ್‌ಗೆ ಹೇಳಿದಳು. ಅವನು ಪೂರ್ತಿ ಕೇಳಿದ. ಅವನ ಮುಖದಲ್ಲಿ ಮೊದಲು ಹೆದರಿಕೆ ಬಂತು, ಆಮೇಲೆ ಹೆದರಿಕೆ ಹೋಗಿ ಬೇರೇನೋ ಬಂತು.

“ಹಾಂಗಾರೆ ತಪ್ಪ್ ನಿಮ್ದೇ ಅಲ್ದಾ?”

“ಹೌದ್.”

“ಹೊರಗ್ ಗೊತ್ತಾರೆ ನಿಮ್ ಅಂಗ್ಡಿಗ್ ಯಾರ್ ಬತ್ರ್ ಅಕ್ಕ?” ಅವನ ದನಿ ಅಕ್ಕರೆಯಿಂದಲೇ ಇತ್ತು. “ನೀವೂ ಬಾಯ್ ಮುಚ್ಕಣಿ, ನಾನೂ ಮುಚ್ಕಂತೆ. ಬೋಟ್ ಬಪ್ಪು ಟೈಮ್. ಪೈಪನ್ನ ಚೌತಿ ಕಳ್ದ್ ಮೇಲೆ ತೋರಿಸ್ತೆ. ಹನ್ನೊಂದ್ ದಿನ ಯಾರೂ ಸಾಯ್ಲಿಲ್ಲೆ ಅಲ್ದಾ?”

ವನಜ ಅವನ ತಲೆಯ ಮೇಲೆ ಹಾದುಹೋದ ಪೈಪನ್ನು ನೋಡಿದಳು. ಥರ್ಮೊಕೋಲಿನ ಹೊದಿಕೆಯಿಂದ ಹನಿ ಹನಿ ನೀರು ಇಳಿಯುತ್ತಿತ್ತು. ಒಂದು ಕಡೆ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಂಗಡಿಗೆ ಯಾರೂ ಬರಲಿಕ್ಕಿಲ್ಲ. ಅಂಧೇರಿಯ ಸೂಪರ್‌ವೈಸರಿಗೂ ಹೀಗೆಯೇ ಒಬ್ಬ ಧಣಿ, ಇಷ್ಟೇ ಅಕ್ಕರೆಯಿಂದ, ಮಾತಾಡಿರಬೇಕು.

ಅವಳು ಶೆಡ್ಡಿಗೆ ಹೋಗಿ ನಡುವಿನಲ್ಲಿ ನಿಂತಳು.

“ಎಲ್ಲರೂ ಹೊರಗ್ ಬನ್ನಿ. ಬುಟ್ಟಿ ಅಲ್ಲೇ ಇರ್ಲಿ. ಗ್ಯಾಸ್ ಸೋರ್ತಾ ಇತ್ತ್. ಗಂಟಿ ಹನ್ನೊಂದ್ ದಿನದಿಂದ ಕಿವುಡ್. ರತನ್ ಮಾಡ್ದದ್ದಲ್ಲ. ತಪ್ಪ್ ನಂದ್.”

ಪದ್ದು ಕೈಯಲ್ಲಿದ್ದ ಚಟ್ಲಿಯನ್ನು ಕೆಳಗಿಟ್ಟಳು.

“ಹನ್ನೊಂದ್ ದಿನ ನಾವ್ ಕುಡ್ದದ್ದ್ ಇದನ್ನಾ?”

“ಹೌದ್.”

“ನಿನ್ ಕೆಂಪ್ ಬೊಟ್ಟ್ ನಂಬಿ?”

“ಹೌದ್, ಪದ್ದತ್ತಿಗೆ.”

ಪದ್ದು ಬಯ್ಯಲಿಲ್ಲ. ಊರಿಗೇ ಕೇಳುವ ಹಾಗೆ ಬಯ್ಯುವ ಹೆಂಗಸು ಬಕೆಟಿನಲ್ಲಿ ಕೈ ತೊಳೆದು, ನವ್ಯಶ್ರೀಯ ರಟ್ಟೆ ಹಿಡಿದು ಎಬ್ಬಿಸಿ, ವನಜನ ಮುಖ ನೋಡದೆ ಹೊರಗೆ ನಡೆದಳು. ಅವಳ ಹಿಂದೆ ಉಳಿದವರು. ರತನ್ ಬಾಗಿಲಿಗೆ ಅಡ್ಡ ಬಂದ. ಇಪ್ಪತ್ತಾರು ಜನ ಒಟ್ಟಿಗೆ ನಡೆದರೆ ಬಾಗಿಲೇ ಸರಿಯಬೇಕಾಗುತ್ತದೆ, ಅವನೂ ಸರಿದ. ಸುಲಿಯುವ ಕೈಯಿಲ್ಲದ ಚಟ್ಲಿಗೆ ಐಸು ಹಾಕಿ ಪ್ರಯೋಜನವಿಲ್ಲ. ಮಧ್ಯಾಹ್ನದೊಳಗೆ ಕಂಪ್ರೆಸರು ನಿಂತಿತು. ಮರುದಿನ ಮಂಗಳೂರಿನಿಂದ ಬಂದ ಮೆಕ್ಯಾನಿಕ್ ಥರ್ಮೊಕೋಲು ಬಿಚ್ಚಿದಾಗ ತುಕ್ಕು ಹಪ್ಪಳ ಹಪ್ಪಳವಾಗಿ ಎದ್ದು ಬಂತಂತೆ. ಪೈಪನ್ನು ಬೆರಳಿನಲ್ಲಿ ಒತ್ತಿ ನೋಡಲು ಅವನು ಒಪ್ಪಲಿಲ್ಲವಂತೆ.

ಆದರೆ ಅದು ಮರುದಿನದ ಮಾತು. ಆ ಹೊತ್ತಿಗೆ ವನಜ ಮಳೆಯಲ್ಲಿ ರಸ್ತೆ ಬದಿ ನಿಂತು ಇನ್ನೊಂದು ಲೆಕ್ಕ ಹಾಕುತ್ತಿದ್ದಳು. ತರಿಸಿದ ಪಟ್ಟಿಯಲ್ಲಿ ಹತ್ತು ಚಿಪ್ಪುಗಳಿದ್ದವು. ಅಂಗಡಿಯಲ್ಲಿ ಉಳಿದದ್ದು ಆರು. ಒಂದು ಈ ಗೋಡೆಯ ಮೇಲೆ. ಉಳಿದ ಮೂರನ್ನು ಅದೇ ವಾರ ಹಾಲಾಡಿಯ ಐಸ್‌ಕ್ಯಾಂಡಿ ಪ್ಲಾಂಟಿಗೆ, ಬ್ರಹ್ಮಾವರದ ಕಡೆಯ ಒಂದು ಕೋಲ್ಡ್ ಸ್ಟೋರೇಜಿಗೆ, ಬಿಜೂರಿನ ಹತ್ತಿರದ ಮೀನಿನ ಪ್ಲಾಂಟಿಗೆ ಹಾಕಿ ಬಂದಿದ್ದಳು. ಮೂರಕ್ಕೂ ನಾಲ್ಕು ನಾಲ್ಕು ಬೊಟ್ಟು.

ಹಾಲಾಡಿಯವರು ಒಂದೇ ರಿಂಗಿಗೆ ಎತ್ತಿದರು, ಬಯ್ದರು, ಮೇನ್ ಸ್ವಿಚ್ ತೆಗೆದರು. ಬ್ರಹ್ಮಾವರದವರು ನಂಬಲಿಲ್ಲ, ಇಂತಿಷ್ಟು ಗಂಟೆಗೆ ನನ್ನ ಬಾಯಿಂದ ಕೇಳಿದ್ದೀರಿ ಎಂದು ಬರೆದಿಟ್ಟುಕೊಳ್ಳಿ ಎಂದ ಮೇಲೆ ನಂಬಿದರು. ಬಿಜೂರಿಗೆ ಮೂರು ಸಲ ಫೋನು ಮಾಡಿದರೂ ಯಾರೂ ಎತ್ತಲಿಲ್ಲ. ನಾಲ್ಕನೆಯದಕ್ಕೆ ಆಪರೇಟರ್ ಮನೀಷ್ ಸಿಕ್ಕಿದ. ಹಿಂದಿನಿಂದ ಕಂಪ್ರೆಸರಿನ ಸದ್ದು, ಹೆಂಗಸರ ಮಾತು, ಯಾರದೋ ನಗು ಕೇಳುತ್ತಿತ್ತು.

“ಮನೀಷಾ, ಅಲ್ಲ್ ಅಲಾರಂ ಕೂಗ್ತಾ ಇತ್ತಾ?”

“ಇಲ್ಲೆ ವನಜಕ್ಕ, ಭಾರಿ ಒಳ್ಳೆದಾಯ್ತ್. ನೀವ್ ಹಾಕಿ ಹೋದ್ ಮೇಲೆ ಒಂದ್ ಸಲವೂ ಉಪದ್ರ ಇಲ್ಲೆ.” ಅವನು ಕೆಮ್ಮಿದ. “ಎಂತಕ್ಕೆ, ಬತ್ರಿಯಾ ಈ ಬದಿಗ್?”

ವನಜ ಕೇಳಲೋ ಬೇಡವೋ ಎನ್ನುತ್ತಲೇ ಕೇಳಿದಳು.

“ಅಲ್ಲ್ ಬೆಕ್ಕ್ ಇದ್ವಾ?”

“ಬೆಕ್ಕಾ?” ಅವನು ನಕ್ಕ. ಫೋನನ್ನು ಸ್ವಲ್ಪ ದೂರ ಹಿಡಿದು ಸುತ್ತ ನೋಡಿದ ಹಾಗಾಯಿತು. “ಹೌದಲ್ದಾ... ಈಗ ಮೂರ್ನಾಲ್ಕ್ ದಿನದಿಂದ ಒಂದೂ ಕಾಂತಿಲ್ಲೆ ಕಾಣಿ.”

“ಮೇನ್ ತೆಗಿ. ಎಲ್ಲರನ್ನೂ ಈಗ್ಲೇ ಹೊರಗ್ ಹಾಕ್. ಮನೀಷಾ, ಕೇಂತಾ? ಈಗ್ಲೇ!”

“ತಡೀನಿ ಅಕ್ಕ, ಕಂಪ್ರೆಸರ್ ಸದ್ದಿಗ್ ಸಮ ಕೇಂತಿಲ್ಲೆ. ಇಲ್ಲ್ ಈಗಷ್ಟೇ ಕರೆಂಟ್ ಬಂತ್,” ಎಂದ ಮನೀಷ್.